ಕಡಲ ದಂಡೇಲಿ ಮೂರು ದಿನ ಸುಮ್ನೆ ಇರೋಕೆ: ಹಾಫ್ ಮೂನಾ, ಕೋಡಿಬೆಂಗ್ರೆನಾ, ಕಾಸರಕೋಡಾ, ದೇವಬಾಗಾ?

ನವೆಂಬರ್ ಬಂತು ಅಂದ್ರೆ ಸಾಕು, ಆಫೀಸಲ್ಲೋ ನೆಂಟರಲ್ಲೋ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ನೀನು ಆ ಕಡೆ ಓಡಾಡ್ತಿರ್ತೀಯಲ್ಲ, ಗದ್ಲ ಇಲ್ದಿರೋ ಬೀಚ್ ಯಾವ್ದಾದ್ರೂ ಹೇಳು, ಮೂರು ದಿನ ಏನೂ ಮಾಡ್ದೆ ಸುಮ್ನೆ ಇದ್ದು ಬರ್ಬೇಕು" ಅಂತ. ನನ್ನ ಹೆಂಡ್ತಿ ತವರು ಕುಮಟಾ, ಮದುವೆ ಆಗಿ 14 ವರ್ಷ ಆಯ್ತು, ವರ್ಷಕ್ಕೆ ಎರಡು ಸಲ ಆದ್ರೂ ಕರಾವಳಿ ಕಡೆ ಹೋಗೋದು ಇದ್ದೇ ಇದೆ, ಹೋದಾಗೆಲ್ಲ ಅಲ್ಲೇ ಆಸುಪಾಸಲ್ಲಿ ಇನ್ನೆಲ್ಲಾದ್ರೂ ಎರಡು ರಾತ್ರಿ ಉಳ್ಕೊಂಡು ಬರೋದು ಅಭ್ಯಾಸ ಆಗೋಗಿದೆ. ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದ್ಲು ಒಂದೇ ಸಲ ಬರೆದಿಟ್ರೆ ಎಲ್ಲರಿಗೂ ಕಳಿಸ್ಬಹುದು ಅಂತ ಕೂತಿದೀನಿ.

ಜಾಗದ ಹೆಸರು ಹೇಳೋಕೆ ಮುಂಚೆ ನಾನು ಕೇಳೋದು ಒಂದೇ: ಬೆಳಿಗ್ಗೆ ಬಾಗ್ಲು ತೆಗೆದ್ರೆ ಕಣ್ಣೆದುರು ಕಡಲು ಇರ್ಬೇಕಾ, ಹೊಳೆ ಇರ್ಬೇಕಾ, ಎರಡೂ ಇರ್ಬೇಕಾ? ಇದನ್ನ ಯಾರೂ ಯೋಚ್ನೆ ಮಾಡಲ್ಲ, ಫೋಟೋ ನೋಡಿ ಬುಕ್ ಮಾಡ್ಬಿಡ್ತಾರೆ. ಬರೀ ಕಡಲು ಮಾತ್ರ ಇರೋ ಜಾಗ ಮೊದಲ್ನೇ ದಿನ ಸ್ವರ್ಗ, ಎರಡನೇ ದಿನ ಹತ್ತೂವರೆ ಹನ್ನೊಂದಕ್ಕೆಲ್ಲ ಮರಳು ಕಾದು ಕಾಲಿಡೋಕಾಗಲ್ಲ, ಸಂಜೆ ನಾಲ್ಕೂವರೆ ತನಕ ರೂಮೊಳಗೆ ಫ್ಯಾನ್ ಕೆಳಗೆ ಕೂತಿರ್ಬೇಕು, ಮಕ್ಕಳು ಮೊಬೈಲ್ ಹಿಡೀತಾರೆ, ದೊಡ್ಡೋರು "ನಾಳೆ ಮುರುಡೇಶ್ವರ ನೋಡ್ಕೊಂಡು ಬರೋಣ್ವಾ" ಅಂತ ಶುರು ಮಾಡ್ತಾರೆ, ಅಲ್ಲಿಗೆ ವಿಶ್ರಾಂತಿ ಮುಗೀತು. ಹೊಳೆ ಬಂದು ಕಡಲು ಸೇರೋ ಅಳಿವೆ ಜಾಗ ಹಾಗಲ್ಲ. ಬೆಳಿಗ್ಗೆ ಹೊಳೆ ಕಡೆ ತೆಂಗಿನ ನೆರಳಿರತ್ತೆ, ದೋಣಿ ಹೋಗ್ತಾ ಬರ್ತಾ ಇರತ್ತೆ, ನೀರು ಏರ್ತಾ ಇಳೀತಾ ಗಂಟೆಗೊಂದು ರೂಪ ಆಗತ್ತೆ, ಸಂಜೆ ಹತ್ತು ನಿಮಿಷ ಆ ಕಡೆ ನಡೆದ್ರೆ ಕಡಲು. ಒಂದು ಕಡೆ ಬೇಜಾರಾದ್ರೆ ಇನ್ನೊಂದು ಕಡೆ ಹೋಗಿ ಕೂರ್ಬಹುದು, ಕಾರ್ ಸ್ಟಾರ್ಟ್ ಮಾಡೋ ಮಾತೇ ಇಲ್ಲ.

ಎರಡನೇ ಪ್ರಶ್ನೆ, ರಸ್ತೆ ಎಲ್ಲಿ ಮುಗೀಬೇಕು? ರಸ್ತೆ ಬಾಗಿಲವರೆಗೂ ಬಂದ್ರೆ ಬಸ್ಸುಗಟ್ಟಲೆ ಜನಾನೂ ಬರ್ತಾರೆ. ರಸ್ತೆ ಸ್ವಲ್ಪ ದೂರದಲ್ಲೇ ನಿಂತ್ರೆ ಶಾಂತಿ ಇರತ್ತೆ, ಆದ್ರೆ ವಯಸ್ಸಾದವ್ರಿಗೆ ಕಷ್ಟ. ನಾನು ಉಳ್ಕೊಂಡು ನೋಡಿರೋ ನಾಲ್ಕು ಜಾಗಾನೂ ಈ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ರ ಕೊಡತ್ವೆ.

ಹಾಫ್ ಮೂನ್, ಗೋಕರ್ಣ

ಗೋಕರ್ಣ ಅಂದ ತಕ್ಷಣ ಎಲ್ಲರಿಗೂ ಓಂ ಬೀಚ್ ನೆನಪಾಗತ್ತೆ. ಊರಿನ ದೊಡ್ಡ ಬೀಚಿಂದ ದಕ್ಷಿಣಕ್ಕೆ ಒಂದಾದ ಮೇಲೊಂದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಸಾಲಾಗಿವೆ, ನಡುವೆ ನಡುವೆ ಗುಡ್ಡ ಕಡಲಿಗೆ ಇಳಿದಿರತ್ತೆ. ಕುಡ್ಲೆ, ಓಂ ಎರಡಕ್ಕೂ ಗಾಡಿ ಹತ್ರದವರೆಗೂ ಹೋಗತ್ತೆ, ಅಲ್ಲಿಂದ ಮೆಟ್ಲು ಇಳಿದ್ರಾಯ್ತು, ಹಾಗಾಗೇ ಶನಿವಾರ ಭಾನುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹಾಫ್ ಮೂನಿಗೆ ರಸ್ತೇನೇ ಇಲ್ಲ. ಓಂ ಬೀಚಿನ ತುದಿಯಿಂದ ಗುಡ್ಡದ ಕಾಲುದಾರೀಲಿ ಅರ್ಧ ಗಂಟೆ ನಡೀಬೇಕು, ಇಲ್ಲಾ ಬೋಟಲ್ಲಿ ಹೋಗ್ಬೇಕು. ಚಿಕ್ಕ ಅರ್ಧ ಚಂದ್ರನ ಥರ ಮರಳು, ಎರಡೂ ಕಡೆ ಬಂಡೆ, ಹಿಂದೆ ಗುಡ್ಡ, ನಾಲ್ಕಾರು ಗುಡಿಸ್ಲು, ಅಷ್ಟೇ.

ರಾತ್ರಿ ಅಲ್ಲಿ ಕೂತು ನೋಡ್ಬೇಕು. ಸಂಜೆ ಕೊನೇ ಬೋಟ್ ಹೋದ್ಮೇಲೆ ಆ ಜಾಗಾನೇ ಬೇರೆ ಆಗ್ಬಿಡತ್ತೆ. ನಾವು ಮೊದ್ಲು ಹೋಗಿದ್ದು ಮದುವೆ ಆದ ಹೊಸದ್ರಲ್ಲಿ, ಡಿಸೆಂಬರ್ ತಿಂಗ್ಳು, ಅಮಾವಾಸ್ಯೆ ಹತ್ರ. ಕಡಲು ಪೂರ್ತಿ ಕಪ್ಪು, ತೆರೆ ಒಡೆಯೋ ಜಾಗದಲ್ಲಿ ಮಾತ್ರ ತೆಳು ನೀಲಿ ಗೆರೆ ಬಂದು ಬಂದು ಹೋಗ್ತಿತ್ತು, ಕೈ ಅದ್ದಿ ಆಡಿಸಿದ್ರೆ ಬೆರಳ ಸುತ್ತ ಕಿಡಿ ಥರ ಮಿನುಗ್ತಿತ್ತು. ನೀರಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಾಡಿದಾಗ ಹಾಗೆ ಬೆಳಗತ್ವೆ ಅಂತ ಆಮೇಲೆ ಗೊತ್ತಾಯ್ತು. ಪ್ರತಿ ಸಲ ಕಾಣೋದಲ್ಲ ಅದು, ಅದಾದ್ಮೇಲೆ ಎರಡು ಸಲ ಹೋಗಿದೀನಿ, ಕಂಡಿಲ್ಲ.

ಆದ್ರೆ ಮಕ್ಕಳನ್ನ, ವಯಸ್ಸಾದೋರನ್ನ ಕರ್ಕೊಂಡು ಹೋಗ್ಬೇಡಿ ಅಂತ ಕೈ ಮುಗಿದು ಹೇಳ್ತೀನಿ. ಮಗಳಿಗೆ ಆರು ವರ್ಷ ಇದ್ದಾಗ ಹೋದ್ವಿ, ಎರಡನೇ ರಾತ್ರಿ ಜ್ವರ ಬಂತು, 102 ದಾಟಿತ್ತು. ಆ ಹೊತ್ತಲ್ಲಿ ಬೋಟ್ ಇಲ್ಲ, ಗುಡಿಸ್ಲಿನವ್ರು ಒಬ್ಬ ಹುಡುಗನ್ನ ಜೊತೆಗೆ ಕಳ್ಸಿದ್ರು, ಅವ್ನು ಟಾರ್ಚ್ ಹಿಡ್ಕೊಂಡು ಮುಂದೆ, ನಾನು ಮಗಳನ್ನ ಹೆಗಲ ಮೇಲೆ ಹಾಕ್ಕೊಂಡು ಹಿಂದೆ, ಒಂದು ಕಡೆ ಬಂಡೆ ಒಂದು ಕಡೆ ಕೆಳಗೆ ಕಡಲು, ಓಂ ಬೀಚ್ ಮೇಲಿನ ರಸ್ತೆ ಸೇರೋ ಹೊತ್ತಿಗೆ ಒಂದು ಗಂಟೆ ಮೇಲೆ ಆಗಿತ್ತು. ಆ ಹುಡುಗ ಬೆಳಿಗ್ಗೆ ಬಂದು ಮಗು ಹೇಗಿದೆ ಅಂತ ಕೇಳ್ಕೊಂಡು ಹೋದ. ಅವ್ನ ಋಣ ಮರೆಯಲ್ಲ, ಆದ್ರೆ ಆ ರಾತ್ರೀನೂ ಮರೆಯಲ್ಲ.

ಇಬ್ರೇ ಹೋಗೋದಾದ್ರೆ, ಕಾಲು ಗಟ್ಟಿ ಇದ್ರೆ, ಒಂದು ಬ್ಯಾಕ್‌ಪ್ಯಾಕಲ್ಲಿ ಸಾಮಾನು ಮುಗಿಯತ್ತೆ ಅಂದ್ರೆ ಹಾಫ್ ಮೂನ್ ಕಣ್ಮುಚ್ಚಿ ಆರಿಸ್ಕೊಳಿ. ಗುಡಿಸ್ಲಲ್ಲಿ ಹಾಸಿಗೆ, ಸೊಳ್ಳೆ ಪರದೆ, ಸಾಮಾನ್ಯ ಸ್ನಾನದ ಮನೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಕ್ಯಾಶ್ ಇಟ್ಕೊಳಿ, ಗಾಯಕ್ಕೆ ಜ್ವರಕ್ಕೆ ಮಾತ್ರೆ ಇಟ್ಕೊಳಿ. ಅಲ್ಲಿಂದ ಮುಂದೆ ಪ್ಯಾರಡೈಸ್‌ವರೆಗೆ ನಡೆದು ನೋಡ್ಬಹುದು, ಆದ್ರೆ ಅಲ್ಲಿ ರಾತ್ರಿ ಇರೋ ವ್ಯವಸ್ಥೆ ನೆಚ್ಕೊಂಡು ಹೊರಡ್ಬೇಡಿ.

ಕೋಡಿಬೆಂಗ್ರೆ, ಉಡುಪಿ

ನನ್ನನ್ನ ಕೇಳಿದ್ರೆ ಮೊದ್ಲು ಬಾಯಿಗೆ ಬರೋ ಹೆಸರು ಇದು. ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಉತ್ತರಕ್ಕೆ ಹೋಗ್ತಾ ಹೋಗ್ತಾ ನೆಲ ಸಣ್ಣ ಆಗ್ತಾ ಬರತ್ತೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸ್ವರ್ಣಾ ನದಿ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ, ತೆಂಗಿನ ಮರ. ಕೊನೆಗೆ ಸ್ವರ್ಣಾ, ಸೀತಾ ಎರಡೂ ಸೇರಿ ಕಡಲಿಗೆ ಬೀಳೋ ಅಳಿವೆ ಹತ್ರ ರಸ್ತೆ ಮುಗಿದೋಗತ್ತೆ. ಅಲ್ಲಿಂದ ಎದುರಿಗೆ ಕಾಣೋದೇ ಹಂಗಾರಕಟ್ಟೆ, ನೀರಲ್ಲಿ ಹತ್ತೇ ನಿಮಿಷದ ದಾರಿ, ರಸ್ತೇಲಿ ಸುತ್ತಾಡ್ಕೊಂಡು ಬಂದ್ರೆ ಮುಕ್ಕಾಲು ಗಂಟೆ ಮೇಲೇನೇ ಬೇಕು. ಡೆಲ್ಟಾ ಬೀಚ್ ಅಂತ ಈಗ ಹೆಸರಿಟ್ಟಿದಾರೆ, ಊರವ್ರು ಮಾತ್ರ ಕೋಡಿ ಅಂತಾನೇ ಅನ್ನೋದು.

ಇಲ್ಲಿ ಸಿಗೋದು ಹೆಚ್ಚಾಗಿ ಹೋಮ್‌ಸ್ಟೇಗಳು, ಅದ್ರಲ್ಲೂ ಹೊಳೆ ಕಡೆ ಮುಖ ಮಾಡಿರೋದನ್ನ ಕೇಳಿ ತಗೊಳಿ. ಕಡಲ ಕಡೆ ರೂಮಿಗೆ ಜಾಸ್ತಿ ದುಡ್ಡು ಕೇಳ್ತಾರೆ, ಫೋಟೋ ಕೂಡ ಚೆನ್ನಾಗಿರತ್ತೆ, ಆದ್ರೆ ಹಗಲೆಲ್ಲ ಉಪ್ಪುಗಾಳಿ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಮುಖಕ್ಕೆ. ಹೊಳೆ ಕಡೆ ಜಗುಲೀಲಿ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಒಂದು ಬೆಳಿಗ್ಗೆ ಹೇಳ್ತೀನಿ. ಏಳು ಗಂಟೆ ಇರ್ಬಹುದು, ಇಳಿತದ ಹೊತ್ತು, ಹೊಳೆ ಮಧ್ಯದಲ್ಲಿ ಮರಳ ದಿಬ್ಬ ಎದ್ದಿತ್ತು. ಪಕ್ಕದ ಮನೆ ಅಜ್ಜಿ ಒಬ್ರು ಸೀರೆ ಮೇಲೆತ್ತಿ ಕಟ್ಟಿ ಸೊಂಟಕ್ಕೆ ಒಂದು ಬುಟ್ಟಿ ಸಿಗಿಸ್ಕೊಂಡು ಮೊಣಕಾಲು ನೀರಲ್ಲಿ ನಿಂತಿದ್ರು. ನಿಂತಲ್ಲೇ ಬಲಗಾಲನ್ನ ಮರಳಲ್ಲಿ ಮೆಲ್ಲಗೆ ಹೊರಳಿಸೋದು, ಏನೋ ತಾಗಿದ ಕೂಡ್ಲೆ ನಿಲ್ಸೋದು, ಬಗ್ಗಿ ಕೈ ಹಾಕೋದು, ಎದ್ದಾಗ ಮುಷ್ಟೀಲಿ ಮೂರು ನಾಲ್ಕು ಮರುವಾಯಿ, ಅಂದ್ರೆ ತಿನ್ನೋ ಚಿಪ್ಪು. ಒಂದೇ ಒಂದು ಸಲ ಕೂಡ ಖಾಲಿ ಕೈ ಬರ್ಲಿಲ್ಲ. ಚಿಕ್ಕದಿದ್ರೆ ಹೆಬ್ಬೆರಳಲ್ಲಿ ಸವರಿ ನೋಡಿ ಹಿಂದಕ್ಕೇ ಹಾಕ್ತಿದ್ರು. ನನ್ನ ಹೆಂಡ್ತಿ ಕಡೆ ಅದನ್ನ ಬಳಚು ಅಂತಾರೆ, ಅವ್ಳು ಜಗುಲಿಯಿಂದಾನೇ ಕೂಗಿ ಮಾತಾಡ್ಸಿದ್ಳು, ಹನ್ನೊಂದು ಗಂಟೆಗೆ ಆ ಬುಟ್ಟಿಯಿಂದ ಒಂದು ಪಾವು ನಮ್ಮ ಅಡುಗೆ ಮನೆಗೇ ಬಂತು, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದ್ರು, ಜೊತೆಗೆ ಕುಚ್ಚಲಕ್ಕಿ ಅನ್ನ. ಮೂರು ದಿನದಲ್ಲಿ ನಾವು ಮಾಡಿದ್ದು ಅಂದ್ರೆ ಇಂಥದ್ದೇ. ಸಂಜೆ ಕಡಲ ಕಡೆ ಕೈರಂಪಣಿ ಬಲೆ ಎಳೀತಿದ್ರೆ ನಿಂತು ನೋಡೋದು, ಕರೆದ್ರೆ ಹಗ್ಗಕ್ಕೆ ಕೈ ಹಾಕೋದು.

ವಯಸ್ಸಾದೋರಿಗೆ ಒಳ್ಳೇದು ಯಾಕಂದ್ರೆ ಕಾರ್ ಅಂಗಳದವರೆಗೂ ಹೋಗತ್ತೆ, ನೆಲ ಸಮತಟ್ಟು, ಮೆಟ್ಲಿಲ್ಲ, ಉಡುಪಿ ಮಣಿಪಾಲದ ದೊಡ್ಡ ಆಸ್ಪತ್ರೆಗಳು ಒಂದು ಗಂಟೆ ಒಳಗೆ. ಮಳೆ ಬಂದ್ರೆ, ಬೇಜಾರಾದ್ರೆ ಅಂತ ಇಟ್ಕೊಳಿ, ಆಳುಪರ ರಾಜಧಾನಿ ಆಗಿದ್ದ ಬಾರ್ಕೂರು ಹತ್ರಾನೇ ಇದೆ, ಕೃಷ್ಣ ಮಠ ಇದೆ, ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ ಇದೆ. ಕೊರತೆ ಅಂದ್ರೆ ಭಾನುವಾರ ಸಂಜೆ ಅಳಿವೆ ತುದೀಲಿ ಗಾಡಿಗಳ ಸಾಲು ನಿಲ್ಲತ್ತೆ. ಹಾಗಾಗಿ ಸೋಮವಾರದಿಂದ ಗುರುವಾರದ ಒಳಗೆ ರಜೆ ಹಾಕೋಕಾದ್ರೆ ಹಾಕಿ. ಸಸ್ಯಾಹಾರಿಗಳು ಮೊದ್ಲೇ ಹೇಳ್ಬಿಡಿ, ತಂಬುಳಿ, ಸಾರು, ನೀರುದೋಸೆ ಎಲ್ಲ ಚೆನ್ನಾಗೇ ಮಾಡ್ತಾರೆ, ಆದ್ರೆ ಹೇಳ್ದೆ ಹೋದ್ರೆ ಮನೇಲಿ ಇರೋದು ಮೀನು.

ಕಾಸರಕೋಡು, ಹೊನ್ನಾವರ

ಕೇರಳದ ಕಾಸರಗೋಡಲ್ಲ, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದ್ರೆ ಸಿಗೋ ಕಾಸರಕೋಡು. ಬಸ್ ಬುಕ್ ಮಾಡೋವಾಗ ಜೋಪಾನ. ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆ ಬಂತು, ಪಡುಬಿದ್ರಿ ಜೊತೆಗೇ. ಅಂದ್ರೆ ನೀರು ಪರೀಕ್ಷೆ ಮಾಡ್ತಾರೆ, ಶೌಚಾಲಯ, ಬಟ್ಟೆ ಬದಲಾಯ್ಸೋ ಜಾಗ, ಜೀವರಕ್ಷಕರು, ಗಾಳಿಮರದ ನೆರಳು ಎಲ್ಲ ಇರತ್ತೆ. ಸಣ್ಣ ಮಕ್ಕಳಿರೋರಿಗೆ ಇದಕ್ಕಿಂತ ನೆಮ್ಮದಿ ಜಾಗ ಈ ನಾಲ್ಕರಲ್ಲಿ ಇಲ್ಲ. ಪಕ್ಕದಲ್ಲೇ ಶರಾವತಿ ಹಿನ್ನೀರಲ್ಲಿ ಬೋಟು, ಕಾಂಡ್ಲಾ (ಮ್ಯಾಂಗ್ರೋವ್) ಕಾಡೊಳಗೆ ಮರದ ಹಲಗೆ ದಾರಿ, ಅಪ್ಸರಕೊಂಡದ ಪುಟ್ಟ ಜಲಪಾತ ಮತ್ತೆ ಗುಡ್ಡದ ಮೇಲಿಂದ ಕಾಣೋ ಕಡಲು, ಸ್ವಲ್ಪ ದೂರ ಹೋದ್ರೆ ಇಡಗುಂಜಿ ಗಣಪ. ನೋಡೋಕೆ ತುಂಬಾ ಇದೆ, ಅದೇ ಇಲ್ಲಿನ ತೊಂದ್ರೆ ಕೂಡ, ಮೂರು ದಿನ ಓಡಾಟದಲ್ಲೇ ಕಳ್ದೋಗತ್ತೆ.

ಜನವರಿಯಿಂದ ಮಾರ್ಚ್ ಒಳಗೆ ಹೋದ್ರೆ ಇಲ್ಲೇ ಕಾಸರಕೋಡಿನ ಟೊಂಕಾ ಕಡೆ ಕಡಲಾಮೆ ವಿಷಯ ವಿಚಾರ್ಸಿ. ಆಲಿವ್ ರಿಡ್ಲೆ ಆಮೆಗಳು ರಾತ್ರಿ ಬಂದು ಮರಳಲ್ಲಿ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗತ್ವೆ, ಅರಣ್ಯ ಇಲಾಖೆಯವ್ರು ಮೀನುಗಾರರ ಜೊತೆ ಸೇರಿ ಸುತ್ತ ಬಲೆ ಕಟ್ಟಿ ಕಾಯ್ತಾರೆ, ಒಂದೂವರೆ ಎರಡು ತಿಂಗಳಿಗೆ ಮರಿ ಆಗತ್ವೆ. ಮರಿ ಬಿಡೋದನ್ನ ನೋಡೋಕೆ ಸಿಕ್ರೆ ಟಾರ್ಚು, ಮೊಬೈಲ್ ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ, ಮರಿಗಳು ಬೆಳಕಿನ ಕಡೇನೇ ತಿರುಗತ್ವೆ, ಕಡಲಿನ ದಾರಿ ತಪ್ಪತ್ವೆ. ಅದೇ ದಂಡೇಲಿ ಮೀನು ಒಣಗಿಸಿ ಬದುಕೋ ಕುಟುಂಬಗಳಿವೆ, ಬಂದರು ಕಾಮಗಾರಿ ಬೇಡ ಅಂತ ವರ್ಷಗಟ್ಟಲೆ ಹೋರಾಡ್ತಿದಾರೆ. ಒಣಮೀನು ಬೇಕಾದ್ರೆ ಅವ್ರ ಹತ್ರಾನೇ ತಗೊಳಿ, ಅಂಗಡೀಲಿ ಅಲ್ಲ.

ದೇವಬಾಗ, ಕಾರವಾರ

ಕಾಳಿ ನದಿ ಕಡಲು ಸೇರೋ ಕಡೆ ಉತ್ತರ ದಂಡೇಲಿ ಮರಳು ನಾಲಗೆ ಥರ ಚಾಚ್ಕೊಂಡಿದೆ, ಅದ್ರ ಮೇಲೆ ಗಾಳಿಮರದ ತೋಪು, ಆ ತೋಪೊಳಗೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ರೆಸಾರ್ಟು. ನದಿ ದಾಟೋಕೆ ಬೋಟು. ಊಟ, ಬೋಟು, ರೂಮು ಎಲ್ಲ ಸೇರಿ ಪ್ಯಾಕೇಜ್ ಲೆಕ್ಕ, ಹಾಗಾಗಿ ಹೋಮ್‌ಸ್ಟೇಗೆ ಹೋಲಿಸಿದ್ರೆ ತಲೆಗೆ ಖರ್ಚು ಜಾಸ್ತೀನೇ, ಆದ್ರೆ ಒಂದು ಸಲ ದುಡ್ಡು ಕಟ್ಟಿದ್ಮೇಲೆ ಊಟಕ್ಕೇನು, ಎಲ್ಲಿಗೆ ಹೋಗೋದು ಅಂತ ತಲೆ ಕೆಡಿಸ್ಕೊಳೋ ಹಾಗಿಲ್ಲ. ದಿನಾ ಮನೇಲಿ ಎಲ್ಲರಿಗೂ ಬೇಯ್ಸಿ ಹಾಕೋ ಹೆಂಗಸ್ರಿಗೆ ಅದೊಂದೇ ದೊಡ್ಡ ರಜೆ. ನಮ್ಮಕ್ಕನ್ನ ಕರ್ಕೊಂಡು ಹೋಗಿದ್ದಾಗ ಅವ್ಳು ಮೂರು ದಿನ ಒಂದು ಲೋಟ ಕೂಡ ತೊಳೀಲಿಲ್ಲ, ಗಾಳಿಮರಕ್ಕೆ ಕಟ್ಟಿದ ಜೋಲೀಲಿ ಮಲ್ಕೊಂಡು ನಿದ್ದೆ ಮಾಡಿದ್ಳು. ಗಾಳಿಮರದ ಸದ್ದು ಕೇಳಿದೀರಾ, ಸೂಜಿಯಂಥ ಎಲೆಗಳ ನಡುವೆ ಗಾಳಿ ಹಾಯೋವಾಗ ದೂರದಲ್ಲಿ ಮಳೆ ಬರ್ತಿದ್ಯೇನೋ ಅನ್ಸತ್ತೆ.

1883ರಲ್ಲಿ ರವೀಂದ್ರನಾಥ ಠಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ರು, ಆಗ ಅವ್ರಿಗೆ 22 ವರ್ಷ. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದೀಲಿ ಮೇಲಕ್ಕೆ ಹೋಗಿ, ವಾಪಸ್ ಬರೋವಾಗ ಅಳಿವೆ ಹತ್ರ ಇಳಿದು ಮರಳಲ್ಲಿ ನಡ್ಕೊಂಡು ಮನೆ ಸೇರಿದ್ದನ್ನ ಅವ್ರೇ ನೆನಪಿಸ್ಕೊಂಡಿದಾರೆ. ಈಗಲೂ ಹುಣ್ಣಿಮೆ ಹತ್ರ ಹೋದ್ರೆ ಅದು ಯಾಕೆ ಅಷ್ಟು ವರ್ಷ ಮನಸ್ಸಲ್ಲಿ ಉಳೀತು ಅಂತ ಗೊತ್ತಾಗತ್ತೆ. ರೆಸಾರ್ಟ್ ಬೇಡ ಅನ್ನೋರು ಅಲ್ಲೇ ಉತ್ತರಕ್ಕೆ ಮಾಜಾಳಿ ಕಡೆ ನೋಡ್ಬಹುದು, ಗೋವಾ ಗಡಿ ಹತ್ರ ಎಳ್ಳಿನ ಥರ ಕಪ್ಪು ಮರಳಿರೋ ತಿಳ್ಮಾತಿ ಬೀಚಿಗೆ ಬಂಡೆ ಮೇಲೆ ನಡ್ಕೊಂಡು ಹೋಗ್ಬರಬಹುದು.

ಮರವಂತೆ, ಮುರುಡೇಶ್ವರ ಯಾಕಿಲ್ಲ ಅಂತ ಕೇಳ್ತೀರ. ಮರವಂತೇಲಿ ಒಂದು ಕಡೆ ಕಡಲು ಒಂದು ಕಡೆ ಸೌಪರ್ಣಿಕಾ, ಅಷ್ಟು ಚೆಂದದ ನೋಟ ಇನ್ನೆಲ್ಲೂ ಇಲ್ಲ, ಆದ್ರೆ ನಡುವೆ ಹೋಗೋದು ರಾಷ್ಟ್ರೀಯ ಹೆದ್ದಾರಿ 66, ರಾತ್ರಿಯೆಲ್ಲ ಲಾರಿ. ಗಾಡಿ ನಿಲ್ಸಿ ಬೊಂಡ ಕುಡಿದು ಮುಂದೆ ಹೋಗಿ. ಅಲ್ಲಿ ನೀರಿಗೆ ಮಾತ್ರ ಇಳೀಬೇಡಿ. ಮುರುಡೇಶ್ವರ ದೇವಸ್ಥಾನಕ್ಕೆ, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ ಹೋಗೋರಿಗೆ ಸರಿ, ಸುಮ್ನೆ ಇರೋಕಲ್ಲ.

ಯಾವಾಗ, ಹೇಗೆ

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ. ಮಾರ್ಚ್ ಬಂದ್ರೆ ಸೆಕೆ ಶುರು, ಏಪ್ರಿಲ್ ಮೇ ಅಂತೂ ಬೆವರು ಒರೆಸೋದೇ ಕೆಲ್ಸ. ಜೂನ್ ಜುಲೈಯಲ್ಲಿ ಮಳೆ ನೋಡೋಕೆ ಅಂತ ಹೋಗೋರಿದಾರೆ, ನನಗೂ ಇಷ್ಟಾನೇ, ಆದ್ರೆ ಆಗ ಬೋಟ್ ಇರಲ್ಲ, ಕಡಲಿಗೆ ಇಳಿಯೋ ಹಾಗಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದ್ರಿಂದ ತಾಜಾ ಮೀನೂ ಕಮ್ಮಿ. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ ಎಲ್ಲ ಗಂಗಾವಳಿ ಪಾಲಾಯ್ತಲ್ಲ, ನಾವು ಎಷ್ಟೋ ಸಲ ಚಹಾ ಕುಡಿಯೋಕೆ ನಿಲ್ಲೋ ದಾರಿ ಅದು. ಅದಾದ್ಮೇಲೆ ಜೋರು ಮಳೇಲಿ ಆ ರಸ್ತೇಲಿ ರಾತ್ರಿ ಹೋಗೋದನ್ನ ಪೂರ್ತಿ ಬಿಟ್ಟಿದೀನಿ.

ಬೆಂಗಳೂರಿಂದ ಹೋಗೋರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಒಳ್ಳೇದು, ಸಂಜೆ ಹೊರಟ್ರೆ ಉಡುಪಿಗೆ ನಸುಕಲ್ಲಿ, ಗೋಕರ್ಣ ರೋಡ್, ಕಾರವಾರಕ್ಕೆ ಬೆಳಿಗ್ಗೆ ಇಳೀಬಹುದು. ಗೋಕರ್ಣ ರೋಡ್ ಸ್ಟೇಷನ್ನಿಂದ ಊರಿಗೆ ಹತ್ತು ಕಿಲೋಮೀಟರ್ ಹತ್ರ, ಆಟೋ ಸಿಗತ್ತೆ. ಕಾರಲ್ಲಿ ಹೋದ್ರೆ ಉಡುಪಿ 400 ಕಿಲೋಮೀಟರ್ ಆಸುಪಾಸು, ಕಾರವಾರ ಅಂದ್ರೆ 500 ದಾಟತ್ತೆ, ಮೂರೇ ದಿನದ ರಜೆಗೆ ಈ 100 ಕಿಲೋಮೀಟರ್ ವ್ಯತ್ಯಾಸ ದೊಡ್ಡದು.

ನೀರಿನ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಪ್ರತಿ ವರ್ಷ ಗಟ್ಟದ ಮೇಲಿಂದ ಬಂದ ಹುಡುಗ್ರು ಜೀವ ಕಳ್ಕೋತಾರೆ. ಅಳಿವೆ ಹತ್ರ ಹೊಳೆ ಎಷ್ಟು ಶಾಂತವಾಗಿ ಕಂಡ್ರೂ ಇಳಿತದ ಹೊತ್ತಲ್ಲಿ ಇಡೀ ಹೊಳೆ ನೀರು ಕಡಲಿಗೆ ಎಳೀತಿರತ್ತೆ, ಆಗ ಅಲ್ಲಿ ಈಜೋಕೆ ಇಳೀಲೇಬಾರ್ದು. ಮರುವಾಯಿ ಹೆಕ್ಕೋ ಅಜ್ಜಿಗೆ ಯಾವ ದಿಬ್ಬ ಗಟ್ಟಿ, ಎಲ್ಲಿ ಆಳ ಅಂತ ಗೊತ್ತು, ನಮಗೆ ಗೊತ್ತಿಲ್ಲ. ಅಮಾವಾಸ್ಯೆ ಹುಣ್ಣಿಮೆ ಹತ್ರ ಸೆಳೆತ ಇನ್ನೂ ಜಾಸ್ತಿ. ಕಡಲಲ್ಲಿ ತೆರೆ ಒಡೀದೆ ಸಪಾಟಾಗಿ ಕಾಣೋ ಜಾಗ ಇದ್ರೆ ಅದು ಸೇಫ್ ಅಂತ ಅನ್ಕೋಬೇಡಿ, ಬಂದ ನೀರು ವಾಪಸ್ ಹೋಗೋ ದಾರಿ ಅದೇ ಇರ್ಬಹುದು. ಸಿಕ್ಕಾಕ್ಕೊಂಡ್ರೆ ದಡದ ಕಡೆ ನೇರ ಈಜೋಕೆ ಹೋಗಿ ಸುಸ್ತಾಗ್ಬೇಡಿ, ದಡಕ್ಕೆ ಸಮವಾಗಿ ಅಡ್ಡಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ. ಊರವ್ರು ಬೇಡ ಅಂದ ಜಾಗದಲ್ಲಿ ಇಳೀಲೇಬೇಡಿ.

ಬುಕ್ ಮಾಡೋವಾಗ ಫೋನ್ ಮಾಡೇ ಮಾತಾಡಿ. ನಾವು ಒಂದು ಸಲ ಫೋಟೋ ನಂಬಿ ಪೂರ್ತಿ ದುಡ್ಡು ಕಳ್ಸಿ ಹೋದ್ರೆ ನದಿಗೂ ರೂಮಿಗೂ ನಡುವೆ ಹೊಸ ಕಾಂಪೌಂಡ್ ಎದ್ದಿತ್ತು, ಪಕ್ಕದಲ್ಲಿ ರಾತ್ರಿ ಹನ್ನೊಂದರವರೆಗೆ ಸ್ಪೀಕರ್. ಆಮೇಲಿಂದ ಮೂರು ವಿಷಯ ಕೇಳ್ದೆ ದುಡ್ಡು ಕಳ್ಸಲ್ಲ: ಕೂತಲ್ಲಿಂದ ನೀರು ಕಾಣತ್ತಾ, ಅದೇ ದಿನ ದೊಡ್ಡ ಗುಂಪು ಯಾವ್ದಾದ್ರೂ ಬುಕ್ ಆಗಿದ್ಯಾ, ಮಧ್ಯಾಹ್ನದ ಊಟ ಮನೇಲೇ ಕೊಡ್ತೀರಾ. ಮೂರನೇದು ಮುಖ್ಯ, ಊಟಕ್ಕೆ ಅಂತ ಹೊರಗೆ ಹೋದ್ರೆ ದಿನ ತುಂಡಾಗತ್ತೆ.

ನಾಲ್ಕು ದಿನ ಇದೆ, ಎರಡು ಜಾಗ ಮಾಡ್ಲಾ ಅಂತ ಕೇಳೋರಿಗೆ ಬೇಡ ಅಂತಾನೇ ಹೇಳೋದು. ಸಾಮಾನು ಕಟ್ಟಿ ಬಿಚ್ಚೋದ್ರಲ್ಲೇ ಅರ್ಧ ದಿನ ಹೋಗತ್ತೆ, ಮತ್ತೆ ಹೊಸ ಜಾಗದ ಸದ್ದಿಗೆ ಕಿವಿ ಹೊಂದ್ಕೊಳೋಕೆ ಒಂದು ರಾತ್ರಿ ಬೇಕು. ಇಬ್ರೇ ಇದ್ರೆ ಹಾಫ್ ಮೂನ್, ಹತ್ತು ವರ್ಷದೊಳಗಿನ ಮಕ್ಕಳಿದ್ರೆ ಕಾಸರಕೋಡು, ಅಡುಗೆ ಮನೆಯಿಂದ ಬಿಡುಗಡೆ ಬೇಕು ಅಂದ್ರೆ ದೇವಬಾಗ, ಅಪ್ಪ ಅಮ್ಮ ಜೊತೆಗಿದ್ರೆ ಕೋಡಿಬೆಂಗ್ರೆ.

ನಾವು ಈ ಡಿಸೆಂಬರಿಗೆ ಅತ್ತೇನ ಕರ್ಕೊಂಡು ಕೋಡಿಬೆಂಗ್ರೆಗೇ ಹೋಗ್ತಿದೀವಿ, ಅದೇ ಹೊಳೆ ಕಡೆ ಮನೆ. ಫೋನ್ ಮಾಡ್ದಾಗ ಅತ್ತೆ ಹಿಂದಿನಿಂದ ಕೇಳ್ಸಿದ್ದು ಒಂದೇ, ನಾವಿರೋ ದಿನಗಳಲ್ಲಿ ಇಳಿತ ಎಷ್ಟು ಹೊತ್ತಿಗೆ ಅಂತ. ಆ ಕಡೆಯವ್ರು ಕ್ಯಾಲೆಂಡರಲ್ಲಿ ತಿಥಿ ನೋಡಿ ಹೇಳಿದ್ರು, ಮೊದಲ್ನೇ ದಿನ ಆರೂವರೆಗೆ, ಆಮೇಲೆ ದಿನಾ ಮುಕ್ಕಾಲು ಗಂಟೆ ತಡ.